ಹದಿನೈದು ಪೈಸೆ ಬಾಕಿ

ಸಂಬಳದ ಬಿಲ್ಲು ಬರೆಯೋದರಲ್ಲಿ ಇಡೀ ದುರ್ಗದಲ್ಲಿ ನನ್ನ ಸಮ ಯಾರೂ ಇಲ್ಲ ಅಂತ ನನಗೊಂದು ಜಂಬ ಇತ್ತು. ಇತ್ತು ಅಂತ ಯಾಕೆ ಹೇಳಲಿ, ಈಗಲೂ ಇದೆ. ಸರ್ಕಾರಿ ಆಫೀಸಿನಲ್ಲಿ ಹದಿನೆಂಟು ವರ್ಷ ಮೂವತ್ತೆರಡು ಜನರ ಸಂಬಳ ಬರೆದವನು ನಾನು. ಖಜಾನೆಯಿಂದ ನನ್ನ ಬಿಲ್ಲು ಒಂದು ಸಲವೂ ವಾಪಸು ಬರಲಿಲ್ಲ. ಯಾರ ರಜೆ ಎಷ್ಟು, ಯಾರಿಗೆ ಎಷ್ಟು ಕಟಾವು, ಎಲ್ಲ ನನ್ನ ನಾಲಿಗೆ ತುದಿಯಲ್ಲಿ. ಜನ ನನ್ನ ಕಂಡರೆ ಹೆದರುತ್ತಿದ್ದರು, ಪ್ರೀತಿ ಗೀತಿ ಏನೂ ಇರಲಿಲ್ಲ. ನನಗೂ ಅದು ಬೇಕಾಗಿರಲಿಲ್ಲ ಅಂತ ಅಂದುಕೊಂಡಿದ್ದೆ.

ಎಪ್ಪತ್ತನಾಲ್ಕರಲ್ಲಿ ರೆಕಾರ್ಡ್ ರೂಮಿನ ಏಣಿ ಮೇಲಿಂದ ಹಳೇ ಕಡತದ ಕಟ್ಟಿನ ಸಮೇತ ಬಿದ್ದೆ. ಬೆನ್ನುಮೂಳೆಗೆ ಏಟಾಯಿತು. ಸೊಂಟದ ಕೆಳಗೆ ಎರಡೂ ಕಾಲಿನ ಸ್ವಾಧೀನ ಹೋಯಿತು. ಆಗ ನನಗೆ ನಲವತ್ತೊಂದು ವರ್ಷ. ಮದುವೆಯಿಲ್ಲ. ಕೋಟೆ ಕಡೆಯ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇದ್ದವಳು ಒಬ್ಬಳೇ ತಂಗಿ, ಅವಳನ್ನು ಹೊಳಲ್ಕೆರೆಗೆ ಕೊಟ್ಟಿತ್ತು. ಆಸ್ಪತ್ರೆಯಿಂದ ಬಿಟ್ಟ ದಿನ ಸಾಹೇಬರು ಬಂದು ನೋಡಿ, "ಹೇಗಾದ್ರೂ ಆಫೀಸಿಗೆ ಬಂದು ಕುರ್ಚಿ ಮೇಲೆ ಕೂತರೆ ಕೆಲಸ ಉಳಿಸ್ತೀನಿ. ಬರಕ್ಕಾಗಲಿಲ್ಲ ಅಂದ್ರೆ ಪೆನ್ಷನ್ನಿಗೆ ಬರೀಬೇಕಾಗತ್ತೆ" ಅಂದರು. ಪೆನ್ಷನ್ ಅಂದರೆ ಹೊಳಲ್ಕೆರೆ, ತಂಗಿಯ ಮನೆ ಹಿಂದಿನ ಶೇಂಗಾ ಚೀಲದ ಕೋಣೆ. ಅಲ್ಲಿಗೆ ಹೋಗಿ ಬೀಳೋದಕ್ಕಿಂತ ಆ ಏಣಿ ಇನ್ನೂ ನಾಲ್ಕು ಮೆಟ್ಟಿಲು ಎತ್ತರ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಂತೂ ನನ್ನನ್ನು ಎತ್ತಿ ಇಳಿಸೋಕೆ ಒಬ್ಬ ಆಳು ಬೇಕಾಯಿತು. ಸ್ನಾನ, ಸಂಡಾಸು, ಊಟ, ಬಟ್ಟೆ, ಆಫೀಸಿಗೆ ಹೊತ್ತುಕೊಂಡು ಹೋಗಿ ಸಾಯಂಕಾಲ ಹೊತ್ತು ತರೋದು. ಇಬ್ಬರು ಬಂದರು. ಒಬ್ಬ ಮೂರನೇ ದಿನಕ್ಕೆ ಮೂಗು ಮುಚ್ಚಿಕೊಂಡ. ಇನ್ನೊಬ್ಬ ನನ್ನನ್ನು ಬಚ್ಚಲಲ್ಲಿ ಕೂರಿಸಿ ಬೀಡಿ ಸೇದೋಕೆ ಹೋಗಿ ಒಂದು ಗಂಟೆ ಮರೆತ. ಒದ್ದೆ ಮೈಯಲ್ಲಿ ಕೂತು ಅವನ ವಂಶವನ್ನೆಲ್ಲ ಬೈದೆ. ಕೇಳೋರು ಯಾರೂ ಇರಲಿಲ್ಲ.

ಎಪ್ಪತ್ತೈದರ ಯುಗಾದಿ ಕಳೆದ ವಾರ, ಪಕ್ಕದ ಮನೆಯ ಸಾಬರು ಒಬ್ಬನನ್ನು ಕರೆತಂದರು. ಸಾಬರದ್ದು ತಲೆತಲಾಂತರದ ತೊಗಲಿನ ವ್ಯಾಪಾರ, ಊರೂರು ಸುತ್ತೋರು, ಕುರಿ ಕಾಯೋರೆಲ್ಲ ಅವರಿಗೆ ಗುರುತು. ಬಂದವನು ಜವನಗೊಂಡನಹಳ್ಳಿ ಕಡೆಯವನು, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಒಂದೇ ಹಂಗಾಮಿನಲ್ಲಿ ಬೇನೆ ಬಂದು ಇದ್ದಬದ್ದ ಕುರಿಯೆಲ್ಲ ಸತ್ತಿದ್ದವಂತೆ. ಬಾಗಿಲಲ್ಲೇ ನಿಂತು ನನ್ನ ಕಾಲು ನೋಡಿದ. "ಅಯ್ಯೋ ಪಾಪ" ಅನ್ನಲಿಲ್ಲ. ಹತ್ತಿರ ಬಂದು ಒಂದು ಕೈ ಮಂಡಿ ಕೆಳಗೆ, ಒಂದು ಕೈ ಬೆನ್ನ ಹಿಂದೆ ಹಾಕಿ, ಕುಂಟ ಕುರಿಯನ್ನು ಎತ್ತೋ ಹಾಗೆ ಎತ್ತಿ ನೋಡಿ ಇಳಿಸಿದ.

"ಭಾರ ಏನಿಲ್ಲ ಬಿಡ್ರಿ ಸಾಮಿ. ಹೊರಬೌದು" ಅಂದ.

ತಿಂಗಳಿಗೆ ಅರವತ್ತು ರೂಪಾಯಿ, ಊಟ, ವಾಸ ನಮ್ಮಲ್ಲೇ ಅಂತ ಮಾತಾಯಿತು. ಮಾತಾದರೆ ಸಾಕೇ? ನನಗೆ ಸಾಲದು. ಮಾರನೇ ದಿನವೇ ಆಫೀಸಿನ ಜವಾನನ ಕೈಲಿ ಎರಡು ಉದ್ದ ಪುಸ್ತಕ ತರಿಸಿದೆ. ಒಂದು ಹಾಜರಿ ಪುಸ್ತಕ. ಇನ್ನೊಂದು ಬಟವಾಡೆ ಪುಸ್ತಕ, ಅಂದರೆ ಸಂಬಳ ತಗೊಂಡವನು ಅಂಟಿಸಿದ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಗುರುತು ಹಾಕೋದು. ಕೆಂಪು ಮಸಿಯಲ್ಲಿ ಗೆರೆ ಎಳೆದೆ. ಮೊದಲ ಪುಟದಲ್ಲಿ ನಿಯಮ ಬರೆದೆ: ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ, ಅದಕ್ಕೆ ಮೇಲಾದರೆ ಆಯಾ ತಿಂಗಳ ದಿನಗಳ ಲೆಕ್ಕದಂತೆ ಕಟಾವು. ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವನು ಗೋಡೆಗೊರಗಿ ಕೂತು ಎಲ್ಲ ಕೇಳಿಸಿಕೊಂಡು, "ನಂ ಕಡೆ ಹಿಂಗಿಲ್ಲ ಸಾಮಿ" ಅಂದ.

"ನಿಮ್ ಕಡೆ ಹೆಂಗೋ ನನಗೆ ಬೇಡಪ್ಪ. ಇಲ್ಲಿ ಹಿಂಗೆ" ಅಂದೆ. ಅವತ್ತು ಹೆಂಗೆ ಅಂತ ಒಂದು ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ವರ್ಷ ಜೂನ್ ಕೊನೆಗೆ ತುರ್ತು ಪರಿಸ್ಥಿತಿ ಬಂದಮೇಲೆ ಆಫೀಸುಗಳಲ್ಲಿ ಹತ್ತು ಗಂಟೆ ಅಂದರೆ ಹತ್ತೇ ಗಂಟೆ. ಒಂದು ನಿಮಿಷ ತಡವಾದರೆ ದೊಡ್ಡವರೂ ಬೆವರುತ್ತಿದ್ದರು. ನನಗೆ ಒಂದು ದಿನವೂ ತಡವಾಗಲಿಲ್ಲ. ಅವನು ಬೆನ್ನು ಬಗ್ಗಿಸಿ ಕೂರುವನು, ನಾನು ಕೊರಳಿಗೆ ಕೈ ಹಾಕುವೆನು, ಒಂದೇ ಏಟಿಗೆ ಎದ್ದು ಆ ಕಲ್ಲು ಬೀದಿಯಲ್ಲಿ ಸರಸರ ಇಳಿಯುವನು. ಅವನ ಕಂಬಳಿಯ ಉಣ್ಣೆ ವಾಸನೆ ನನ್ನ ಇಸ್ತ್ರಿ ಅಂಗಿಗೆಲ್ಲ ಅಂಟುತ್ತಿತ್ತು. "ಥೂ, ನನ್ನನ್ನೂ ಕುರಿ ಮಾಡಿಬಿಟ್ಟೆಯಲ್ಲೋ" ಅಂತ ರೇಗುತ್ತಿದ್ದೆ. "ಕುರಿ ಇಷ್ಟು ಬೈಯಾಕಿಲ್ಲ ಸಾಮಿ" ಅನ್ನುವನು. ಬೀದಿಯ ಹೆಂಗಸರು ಮುಸಿಮುಸಿ ನಗುವರು.

ಹೊರಡೋ ಮುಂಚೆ ನಾನು ತಪ್ಪದೆ ಮಾಡುತ್ತಿದ್ದ ಕೆಲಸ ಒಂದಿತ್ತು. ಬಚ್ಚಲಿನಲ್ಲಿ ನನ್ನನ್ನು ತೊಳೆದು, ಒರೆಸಿ, ಪಂಚೆ ಉಡಿಸಿ ಮಂಚದ ಮೇಲೆ ಕೂರಿಸಿದವನ ಎದುರಿಗೇ ಹಾಜರಿ ಪುಸ್ತಕ ತೆರೆದು ಅವನು ಬಂದಿದ್ದಾನೆ ಅಂತ ಗುರುತು ಹಾಕುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಆದರೆ ಇನ್ನೊಬ್ಬರ ಜೊತೆ ಬದುಕೋಕೆ ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಬೆತ್ತಲೆ ಮೈಯನ್ನು ಒಬ್ಬನ ಕೈಗೆ ಒಪ್ಪಿಸೋದು ಅಂದರೆ ಸುಮ್ಮನೆ ಅಲ್ಲ. ಆ ಪುಸ್ತಕ ತೆರೆದ ಕ್ಷಣ ನಾನು ಮತ್ತೆ ಗುಮಾಸ್ತನಾಗುತ್ತಿದ್ದೆ, ಅವನು ನನ್ನ ನೌಕರನಾಗುತ್ತಿದ್ದ.

ತಿಂಗಳ ಮೊದಲನೇ ತಾರೀಖು ಬಟವಾಡೆ. ಅವನ ಹೆಬ್ಬೆಟ್ಟು ಒಡೆದು ಒಡೆದು ಗೆರೆಯೇ ಸವೆದಿತ್ತು, ಸ್ಟ್ಯಾಂಪಿನ ಮೇಲೆ ಬರೀ ಮಸಿ ಮೆತ್ತಿಕೊಳ್ಳುತ್ತಿತ್ತು. ದುಡ್ಡು ಕೈಗೆ ಕೊಟ್ಟರೆ ಊರಿನ ಮನೆ ಖರ್ಚಿಗೆ ಅಂತ ಇಪ್ಪತ್ತು ಇಟ್ಟುಕೊಂಡು ಮಿಕ್ಕಿದ್ದನ್ನು ವಾಪಸು ಕೊಡುತ್ತಿದ್ದ.

"ನಿಮ್ ತಾವ್ಲೇ ಇರ್ಲಿ ಸಾಮಿ. ಯುಗಾದಿಗೆ ನೋಡಾಣ."

ಅದನ್ನೂ ಇನ್ನೊಂದು ಕಾಲಂ ಎಳೆದು ಠೇವಣಿ ಅಂತ ಬರೆದೆ. ದುಡ್ಡು ನನ್ನ ಟ್ರಂಕಿನಲ್ಲಿ ಒಂದು ಬಟ್ಟೆ ಗಂಟಿನಲ್ಲಿತ್ತು.

ಎಪ್ಪತ್ತಾರರ ಫೆಬ್ರವರಿಯಲ್ಲಿ ಅವನ ಹೆಂಡತಿ ಹೆತ್ತಳು. ಊರಿಗೆ ಹೋದವನು ಮೂರು ದಿನ ಬರಲಿಲ್ಲ. ಆ ಮೂರು ದಿನ ಸಾಬರ ಮನೆಯ ಗಂಡಸರು ನನ್ನನ್ನು ನೋಡಿಕೊಂಡರು. ಅವನು ಬಂದು, "ಹೆಣ್ಣು ಮಗ ಸಾಮಿ" ಅಂತ ಒಂದಚ್ಚು ಬೆಲ್ಲ ಕೈಗಿಟ್ಟ. ಬೆಲ್ಲ ತಿಂದೆ. ತಿಂದು, ಒಂದನೇ ತಾರೀಖು ಒಂದು ದಿನ ರಜೆಗೆ ಹಾಕಿ ಎರಡು ದಿನದ ಸಂಬಳ ಕತ್ತರಿಸಿದೆ, ನಾಲ್ಕು ರೂಪಾಯಿ ಇಪ್ಪತ್ತೊಂಬತ್ತು ಪೈಸೆ. ಸಾಬರಿಗೆ ಗೊತ್ತಾಗಿ, "ಏನ್ ಮನುಷ್ಯ ರೀ ನೀವು, ಮಗು ಹುಟ್ಟಿದ್ದಕ್ಕೂ ಕಟಾವಾ?" ಅಂದರು. ನಿಯಮ ನಿಯಮವೇ ಅಂದೆ. ಅವನು ಮಾತ್ರ ಹೆಬ್ಬೆಟ್ಟು ಒತ್ತಿದ.

ಅದಾದ ತಿಂಗಳಿಗೆ ಯುಗಾದಿ ಬಂತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಟ್ರಂಕು ತೆಗೆಸಿ ವರ್ಷದ ಲೆಕ್ಕ ಮಾಡಿದೆ. ನನಗೆ ಒಳಗೊಳಗೇ ಖುಷಿ. ಖಜಾನೆಯಿಂದ ಗರಿಗರಿ ನೋಟು ತರಿಸಿಟ್ಟಿದ್ದೆ, ಅವನ ಸಲುವಾಗಿಯೇ. ನೋಟು ಎಣಿಸಿ, ಚಿಲ್ಲರೆ ಎಣಿಸಿ, ಕೊನೆಯ ಒಂದು ಪೈಸೆ ನಾಣ್ಯವನ್ನೂ ಹುಡುಕಿ ಮೇಲಿಟ್ಟೆ. ಪುಸ್ತಕದಲ್ಲಿ ಅಡ್ಡಗೆರೆ ಎಳೆದು "ಪೂರ್ತಿ ಚುಕ್ತಾ" ಅಂತ ಬರೆದೆ. ಹಬ್ಬ ಮುಗಿದ ಮಾರನೇ ದಿನದಿಂದ ಹೊಸ ಪುಟ ಶುರು ಮಾಡಬೇಕು, ಸಂಬಳ ಅರವತ್ತೈದು ಮಾಡಬೇಕು ಅಂತ ನಿಶ್ಚಯಿಸಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಊರಿಂದ ಬರಲಿ, ಹೇಳೋಣ ಅಂದುಕೊಂಡೆ.

ಅವನು ದುಡ್ಡನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದ.

"ಎಲ್ಲಾ ಮುಗೀತಾ ಸಾಮಿ?"

"ಎಲ್ಲಾ ಮುಗೀತು. ಒಂದು ಪೈಸೆ ಬಾಕಿ ಇಲ್ಲ" ಅಂದೆ ಎದೆ ಉಬ್ಬಿಸಿಕೊಂಡು.

"ಒಂದ್ ಪೈಸೇನೂ ಇಲ್ಲಾ?"

ನನಗೆ ಪಿತ್ತ ನೆತ್ತಿಗೇರಿತು. ನನ್ನ ಲೆಕ್ಕದ ಮೇಲೆ ಅನುಮಾನವೇ! "ಲೇ, ಖಜಾನೆಯೋರೇ ನನ್ನ ಲೆಕ್ಕ ಎರಡನೇ ಸಲ ಕೇಳಲ್ಲ, ನೀನೇನೋ ಕೇಳೋದು? ತಗೊಂಡು ಹೆಬ್ಬೆಟ್ಟು ಒತ್ತು" ಅಂದೆ. ಒತ್ತಿದ.

ಮಾರನೇ ದಿನ ಹಬ್ಬ. ಬೆಳಿಗ್ಗೆ ಎದ್ದವನೇ ನನಗೆ ನೆತ್ತಿಗೆ ಹರಳೆಣ್ಣೆ ಒತ್ತಿ, ಕಾಲಿಗೆಲ್ಲ ತಿಕ್ಕಿ, ಬಿಸಿನೀರು ಹಾಕಿದ. ಸತ್ತ ಕಾಲಿಗೆ ಯಾಕೋ ಇಷ್ಟು ಎಣ್ಣೆ ಅಂದರೂ ಬಿಡಲಿಲ್ಲ, ಬೆರಳು ಬೆರಳಿಗೂ ತಿಕ್ಕಿದ. ಬೇವುಬೆಲ್ಲ ಕೊಟ್ಟ. ಆಮೇಲೆ ನೀರಿನ ಬಿಂದಿಗೆ, ಲೋಟ, ತಟ್ಟೆ, ಪಾತ್ರೆ, ಬೆಂಕಿಪೊಟ್ಟಣ, ಎಲ್ಲವನ್ನೂ ಮಂಚದ ಪಕ್ಕ ನನ್ನ ಕೈಗೆ ಎಟುಕೋ ಹಾಗೆ ಜೋಡಿಸಿದ. ಹಬ್ಬಕ್ಕೆ ಊರಿಗೆ ಹೋಗಿ ಮೂರನೇ ದಿನ ಬರೋದು ಅಂತ ಮೊದಲೇ ಮಾತಾಗಿತ್ತು. ಅಲ್ಲಿತನಕ ಸಾಬರ ಮನೆಯವರಿಗೆ ಹೇಳಿದ್ದೆ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು,

"ಹೋಗ್ತೀನಿ ಸಾಮಿ" ಅಂದ.

ನಮ್ಮಲ್ಲಿ ಮನೆ ಬಿಡುವಾಗ ಯಾರೂ ಹಾಗನ್ನಲ್ಲ. ಬರ್ತೀನಿ ಅಂತಾರೆ. ಸಾಯೋಕೆ ಹೊರಟವನೂ ಬರ್ತೀನಿ ಅಂತಾನೆ. ನನ್ನ ಕಿವಿಗೆ ಅದು ಬಿತ್ತು. ಆದರೆ ನಾನು ಹಿಂದಿನ ದಿನದ ಸಿಟ್ಟನ್ನು ಇನ್ನೂ ಇಟ್ಟುಕೊಂಡಿದ್ದೆ. "ಹೂಂ" ಅಂದೆ, ಅಷ್ಟೇ.

ಮೂರನೇ ದಿನ ಬರಲಿಲ್ಲ. ಹಾಜರಿ ಪುಸ್ತಕದ ಹೊಸ ಪುಟದಲ್ಲಿ ಗೈರು ಅಂತ ಬರೆದೆ. ನಾಲ್ಕನೇ ದಿನವೂ ಗೈರು. ಐದನೇ ದಿನ ಬರೆಯೋಕೆ ಕೈ ಬರಲಿಲ್ಲ. ಬಸ್ಸಿಳಿದವರು ನಮ್ಮ ಬೀದಿ ಹತ್ತೋ ಹೊತ್ತಿಗೆ ಕಿವಿ ನಿಮಿರಿಸಿ ಕೂರುತ್ತಿದ್ದೆ. ಚಪ್ಪಲಿ ಸದ್ದು ಬರುವುದು, ದಾಟುವುದು. ವರ್ಷವಿಡೀ ಆ ಮನೆಯಲ್ಲಿ ಇಬ್ಬರ ಉಸಿರಾಟ ಇತ್ತು. ಈಗ ನಾನೊಬ್ಬನೇ ಉಸಿರಾಡೋದು ನನಗೇ ಕೇಳಿಸುತ್ತಿತ್ತು. ಕೈತುಂಬ ದುಡ್ಡು ಬಂತಲ್ಲ, ಇನ್ನೇನು, ನನ್ನ ಹೇಲು ಬಳಿಯೋದು ಬೇಡವಾಯಿತು ಅಂತ ಗಟ್ಟಿಯಾಗಿ ಬೈದೆ. ಬೈತಾ ಬೈತಾ ಅಳು ಬಂತು. ನಲವತ್ತಮೂರನೇ ವಯಸ್ಸಿನಲ್ಲಿ ಒಬ್ಬ ಕುರಿ ಕಾಯೋನಿಗೋಸ್ಕರ ಅತ್ತೆ, ಮುಚ್ಚುಮರೆ ಯಾಕೆ.

ವ್ಯಾಪಾರಕ್ಕೆ ಹೋಗಿದ್ದ ಸಾಬರು ವಾರದ ಮೇಲೆ ಬಂದರು. ನಡೆದದ್ದು ಹೇಳಿದೆ.

"ಹಬ್ಬಕ್ಕೆ ಎಷ್ಟು ಕೊಟ್ರಿ?"

"ಪೂರ್ತಿ."

"ಪೂರ್ತಿ ಅಂದ್ರೆ?"

"ಪೂರ್ತಿ ಅಂದ್ರೆ ಪೂರ್ತಿ ಸಾಬ್ರೆ. ಪೈಸೆ ಸಮೇತ."

"ಕಂಬಳಿ ಹೊದಿಸಿದ್ರಾ?"

"ಬೇಸಿಗೇಲಿ ಕಂಬಳಿ ಯಾಕೆ?"

ಸಾಬರು ಹಣೆ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಗುಮಾಸ್ತ್ರೇ, ನೀವೇ ಅವನ್ನ ಕಳ್ಸಿದೀರಲ್ರೀ!" ಅಂದರು. ಆಮೇಲೆ ಮಂಚದ ಮೇಲೆ ಕೂತು, ಮಗುವಿಗೆ ಹೇಳೋ ಹಾಗೆ ಬಿಡಿಸಿ ಹೇಳಿದರು. ಆ ಕಡೆ ಕುರಿ ಕಾಯೋಕೆ ಯುಗಾದಿಯಿಂದ ಯುಗಾದಿಗೆ ಆಳು ಇಟ್ಟುಕೊಳ್ಳುತ್ತಾರೆ. ವರ್ಷ ತುಂಬಿದಾಗ ಲೆಕ್ಕ ಮಾಡುತ್ತಾರೆ, ಆದರೆ ಪೂರ್ತಿ ತೀರಿಸೋದಿಲ್ಲ. ನಾಲ್ಕಾಣೆಯೋ ಎಂಟಾಣೆಯೋ ಬಾಕಿ ಇಟ್ಟುಕೊಂಡು ಹೆಗಲಿಗೆ ಹೊಸ ಕಂಬಳಿ ಹಾಕಿದರೆ ಮುಂದಿನ ವರ್ಷವೂ ಇರು ಅಂತ. ಕಂಬಳಿ ಕೊಡದೆ ಕೊನೇ ಪೈಸೆವರೆಗೆ ಎಣಿಸಿ ಕೊಟ್ಟರೆ, ನಿನ್ನ ಸಹವಾಸ ಸಾಕು, ನಡಿ ಅಂತ. ಯಾಕೆ ಅಂತ ಆಳು ಕೇಳೋ ಹಾಗಿಲ್ಲ, ಕೇಳಿದರೆ ಮರ್ಯಾದೆ ಕೇಡು.

ಕೇಳಿದ್ದನಲ್ಲ. ಒಂದು ಸಲವಲ್ಲ, ಎರಡು ಸಲ ಕೇಳಿದ್ದ. ಮರ್ಯಾದೆ ಬಿಟ್ಟು ಕೇಳಿದವನಿಗೆ ನಾನು ಲೇ ಅಂದಿದ್ದೆ.

"ಹೋಗಿ ಕರ್ಕೊಂಬರ್ರಿ ಸಾಬ್ರೆ, ನಿಮ್ಮ ದಮ್ಮಯ್ಯ" ಅಂದೆ. ಆ ಮಾತು ನಾನು ಅದಕ್ಕೆ ಮುಂಚೆ ಯಾರಿಗೂ ಅಂದಿರಲಿಲ್ಲ. ಸಾಬರು ಹೋದರು. ಅವನು ಊರಲ್ಲಿರಲಿಲ್ಲ. ಹೊಸದುರ್ಗದ ಶ್ರೀರಾಂಪುರದ ಕಡೆ ಒಂದು ಮಂದೆಗೆ ವರ್ಷದ ಮಾತು ಕೊಟ್ಟು ಹೋಗಿದ್ದ. ಸಾಬರು ಅಲ್ಲಿಗೂ ಹೋಗಿ, ಹೊಲದಲ್ಲೇ ಹಿಡಿದು ಮಾತಾಡಿಸಿ ಬಂದರು.

"ಕಂಬಳಿ ಹೊದಿಸ್ಕಂಡವ್ನೆ ಗುಮಾಸ್ತ್ರೇ. ಇನ್ನು ಯುಗಾದಿಗಂಟ ಅಲ್ಲಾಡಂಗಿಲ್ಲ. ನಿಮ್ಗೆ ಗೊತ್ತಿರ್ಲಿಲ್ಲ ಅಂತ ಹೇಳ್ದೆ. ಅವ್ನು, ಬಾಕಿ ಏನಾರ ಐತಾ ಅಂತ ಕೇಳ್ದ. ನಾನು ಸುಳ್ಳು ಹೇಳಾಕಾಗ್ಲಿಲ್ಲ, ಇಲ್ಲಪ್ಪ ಅಂದೆ. ಮತ್ತೆ ಯಾವ್ ನೆಪದಾಗೆ ಬರ್ಲಿ ಸಾಬ್ರೆ ಅಂದ."

ಸಾಬರು ಹೋದಮೇಲೆ ಎರಡೂ ಪುಸ್ತಕ ತೆಗೆದೆ. ಹದಿನೆಂಟು ವರ್ಷ ತಪ್ಪು ಇರಬಾರದು ಅಂತ ಲೆಕ್ಕ ನೋಡಿದವನು ಅವತ್ತು ಮೊದಲ ಸಲ ತಪ್ಪು ಸಿಗಲಿ ದೇವರೇ ಅಂತ ನೋಡೋಕೆ ಕೂತೆ. ಏಪ್ರಿಲ್ ಸರಿಯಿತ್ತು. ಮೇ ಸರಿಯಿತ್ತು. ಒಂದೊಂದು ಮೊತ್ತ ಸರಿಬಂದಾಗಲೂ ಎದೆ ಕುಸಿಯುತ್ತಿತ್ತು. ಡಿಸೆಂಬರ್ ಸರಿ. ಜನವರಿ ಸರಿ. ಥೂ ನಿನ್ನ, ಒಂದೇ ಒಂದು ಕಡೆಯಾದರೂ ತಪ್ಪಬಾರದಿತ್ತೇನೋ ಅಂತ ನನ್ನನ್ನೇ ಬೈದುಕೊಂಡೆ. ಫೆಬ್ರವರಿ ಕಟಾವಿನ ಹತ್ತಿರ ಬಂದೆ. ಅರವತ್ತನ್ನು ಇಪ್ಪತ್ತೆಂಟರಿಂದ ಭಾಗಿಸಿದ್ದೆ, ಎರಡರಿಂದ ಗುಣಿಸಿದ್ದೆ, ನಾಲ್ಕು ಇಪ್ಪತ್ತೊಂಬತ್ತು. ಸರಿ. ಮುಂದಿನ ಪುಟ ತಿರುಗಿಸೋ ಹೊತ್ತಿಗೆ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯಿತು. ಎಪ್ಪತ್ತಾರು. ಆ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ!

ಇಪ್ಪತ್ತೊಂಬತ್ತರಿಂದ ಭಾಗಿಸಿದೆ. ನಾಲ್ಕು ರೂಪಾಯಿ ಹದಿನಾಲ್ಕು ಪೈಸೆ ಕತ್ತರಿಸಬೇಕಾಗಿತ್ತು. ನಾನು ಹದಿನೈದು ಪೈಸೆ ಹೆಚ್ಚು ಕತ್ತರಿಸಿದ್ದೆ. "ಸಾಬ್ರೇ, ಬಾಕಿ ಐತೆ! ಹದಿನೈದು ಪೈಸೆ ಬಾಕಿ ಐತೆ!" ಅಂತ ಗೋಡೆ ಗುದ್ದಿ ಕೂಗಿದೆ. ಏನು ಅನಾಹುತವಾಯಿತೋ ಅಂತ ಸಾಬರ ಮನೆಯವರೆಲ್ಲ ಓಡಿ ಬಂದರು.

"ಕೊಡ್ರಿ, ಹೊಸದುರ್ಗದ ಸಂತೆಗೆ ಹೋಗ್ತೀನಲ್ಲ, ಕೊಟ್ಟು ಬರ್ತೀನಿ" ಅಂದರು ಸಾಬರು, ನಗುತ್ತ.

"ಯಾರ ಕೈಲೂ ಕಳ್ಸಲ್ಲ. ಅವನೇ ಬಂದು ಇಸ್ಕೊಳ್ಲಿ ಅಂತ ಹೇಳ್ರಿ."

ಹೇಳಿ ಬಂದರು. ಅವನು ಏನಂದ ಅಂತ ಕೇಳಿದೆ. ಕೇಳಿಸಿಕೊಂಡು ಮಂದೆ ತಿರುಗಿಸಿಕೊಂಡು ಹೋದನಂತೆ.

ಬೇರೆ ಆಳು ಯಾರೂ ನಿಲ್ಲಲಿಲ್ಲ. ಸಾಹೇಬರ ಕೈಕಾಲು ಹಿಡಿದು ಒಂದು ವರ್ಷ ರಜೆ ಬರೆಸಿದೆ, ಅರ್ಧ ಸಂಬಳದ್ದು ಸ್ವಲ್ಪ, ಸಂಬಳವೇ ಇಲ್ಲದ್ದು ಸ್ವಲ್ಪ. ವರ್ಷದೊಳಗೆ ಬರದಿದ್ದರೆ ಪೆನ್ಷನ್ ಅಂತ ಮೊದಲೇ ಹೇಳಿದರು. ಭಾವ ಬಾಡಿಗೆ ಕಾರು ತಂದು ನನ್ನನ್ನು ಹೊಳಲ್ಕೆರೆಗೆ ಹೊತ್ತು ಹಾಕಿದರು. ಶೇಂಗಾ ಚೀಲದ ಕೋಣೆ ಕೊನೆಗೂ ನನ್ನ ಪಾಲಿಗೆ ಬಂತು.

ಅಲ್ಲಿ ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ. ತಂಗಿ ಹೊತ್ತು ಹೊತ್ತಿಗೆ ತಟ್ಟೆ ತಂದಿಡುವಳು. ಭಾವ ದಿನಕ್ಕೆರಡು ಸಲ ನನ್ನನ್ನು ಎತ್ತಿ, ಮುಖ ಆಚೆ ತಿರುಗಿಸಿಕೊಂಡು ಮಾಡಬೇಕಾದ್ದು ಮಾಡುವರು. ಮೂರನೇ ಸಲ ಕರೆಯೋಕೆ ನನಗೆ ಬಾಯಿ ಬರುತ್ತಿರಲಿಲ್ಲ. ಅದಕ್ಕೇ ನೀರು ಕುಡಿಯೋದು ಕಮ್ಮಿ ಮಾಡಿದೆ. ಬೇಸಿಗೆಯಲ್ಲಿ ನಾಲಿಗೆ ಅಂಟಿಕೊಂಡರೂ ಬೆಳಿಗ್ಗೆ ಅರ್ಧ ಲೋಟ, ಸಾಯಂಕಾಲ ಅರ್ಧ ಲೋಟ. ಎಲ್ಲರೂ ಬಾಗಿಲಲ್ಲೇ ನಿಂತು, "ಏನಾದ್ರೂ ಬೇಕಾ?" ಅಂತ ಕೇಳುವರು. ಬೇಡ ಅಂದರೆ ಸಾಕು, ಹೋಗುವರು. ನನ್ನ ಜೊತೆ ಜಗಳಕ್ಕಾದರೂ ಯಾರೂ ಕೂರುತ್ತಿರಲಿಲ್ಲ. ಇಡೀ ದಿನ ಹಂಚು ಎಣಿಸುತ್ತಿದ್ದೆ.

ದುರ್ಗದ ಮನೆಗೆ ಬೀಗ ಹಾಕಿ ಬಾಡಿಗೆ ಮಾತ್ರ ಕಟ್ಟುತ್ತಿದ್ದೆ. "ನಾವೇನು ಕಮ್ಮಿ ಮಾಡಿದೀವಿ ಅಂತ ಅಣ್ಣ, ಖಾಲಿ ಮನೆಗೆ ದುಡ್ಡು ಸುರೀತಿ?" ಅಂತ ತಂಗಿ ಕಣ್ಣೀರು ಹಾಕಿದಳು. ಹದಿನೈದು ಪೈಸೆಯ ಕಥೆ ಅವಳಿಗೆ ಹೇಗೆ ಹೇಳಲಿ? ಕೇಳಿದರೆ ತಲೆ ಕೆಟ್ಟಿದೆ ಅಂದುಕೊಳ್ಳುವಳು. ನನಗೇ ಒಂದೊಂದು ದಿನ ಹಾಗನ್ನಿಸುತ್ತಿತ್ತು. ಹದಿನೈದು ಪೈಸೆಗೆ ಯಾರು ಬರುತ್ತಾರೆ? ಬಸ್ ಚಾರ್ಜೇ ಅದರ ಎಷ್ಟೋ ಪಟ್ಟು. ದಿಂಬಿನ ಕೆಳಗಿನ ಬಟವಾಡೆ ಪುಸ್ತಕ ತೆಗೆದು, "ಪೂರ್ತಿ ಚುಕ್ತಾ" ಅನ್ನೋದನ್ನು ಹೊಡೆದುಹಾಕಿ ಬರೆದಿದ್ದ ಬಾಕಿಯನ್ನು ನೋಡಿ ಮತ್ತೆ ಮುಚ್ಚಿಡುತ್ತಿದ್ದೆ.

ಎಪ್ಪತ್ತೇಳರ ಯುಗಾದಿ ಬಂತು. ತಂಗಿ ಬೇವುಬೆಲ್ಲ ತಂದು ಬಾಯಿಗಿಟ್ಟು ಹೋದಳು. ಅವತ್ತು ಬರಲಿಲ್ಲ. ಮಾರನೇ ದಿನವೂ ಇಲ್ಲ. ರಜೆ ಮುಗಿಯೋಕೆ ಇನ್ನು ಕೆಲವೇ ವಾರ ಉಳಿದಿತ್ತು. ಪೆನ್ಷನ್ ಕಾಗದಕ್ಕೆ ಸಹಿ ಹಾಕೋಣ ಅಂತ ಭಾವನಿಂದ ಪೆನ್ನು ತರಿಸಿಟ್ಟುಕೊಂಡೆ.

ಮೂರನೇ ದಿನ ಬೆಳಿಗ್ಗೆ ಬೀದಿ ಬಾಗಿಲಲ್ಲಿ ತಂಗಿ ಯಾರನ್ನೋ, "ಯಾರಪ್ಪ ನೀನು?" ಅನ್ನೋದು ಕೇಳಿಸಿತು.

"ನಂದು ಹದಿನೈದ್ ಪೈಸೆ ಬಾಕಿ ಐತಮ್ಮ. ಇಲ್ಲಿ ಅವ್ರೆ ಅಂತ ಸಾಬ್ರು ಹೇಳಿದ್ರು. ಇಸ್ಕಂಡು ಹೋಗಾಣ ಅಂತ ಬಂದೆ."

ತಂಗಿ, ಪಾಪ ಅವಳಿಗೇನು ಗೊತ್ತು, "ಅಯ್ಯೋ, ಹದಿನೈದು ಪೈಸೆಗೆ ಇಲ್ಲಿತನಕ ಬಂದ್ಯಾ? ಇರಪ್ಪ, ಕೊಡ್ತೀನಿ" ಅಂತ ಒಳಗೆ ಬಂದು ಸಾಸಿವೆ ಡಬ್ಬಿ ತೆಗೆದು ಚಿಲ್ಲರೆ ಆರಿಸೋ ಸದ್ದಾಯಿತು.

"ಕೊಡಬ್ಯಾಡ ಕಣೇ!" ಅಂತ ಕೂಗಿದೆ. ಹೊಳಲ್ಕೆರೆಗೆಲ್ಲ ಕೇಳಿಸಿರಬೇಕು. "ಒಂದು ಪೈಸೆ ಕೊಟ್ಟೆ ಅಂದ್ರೆ ನನ್ನಾಣೆ! ಕೊಡಬ್ಯಾಡ!"

ತಂಗಿ ಡಬ್ಬಿ ಹಿಡಿದುಕೊಂಡೇ ಹೆದರಿ ಓಡಿ ಬಂದಳು. ಅವಳ ಹಿಂದೆ ಅವನು ಬಂದ. ಬಾಗಿಲಲ್ಲಿ ನಿಲ್ಲಲಿಲ್ಲ, ಚೀಲಗಳನ್ನು ದಾಟಿ ಮಂಚದ ಹತ್ತಿರಕ್ಕೇ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಡವಾಗೀರಿ ಸಾಮಿ. ನೀರ್ ಕುಡಿಯಂಗಿಲ್ಲೇನು?" ಅಂದ. ನಾನು ದಿಂಬಿನ ಕೆಳಗಿನ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನನ್ ಬಾಕಿ?"

"ಕೊಡಲ್ಲ ಹೋಗೋ. ಏನ್ ಮಾಡ್ಕೊಂತೀಯೋ ಮಾಡ್ಕೋ" ಅಂದೆ. ಕಣ್ಣೀರು ಕೆನ್ನೆ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅವನು ನಕ್ಕು ನನ್ನ ಕಡೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತ.

"ಹಂಗಾರೆ ಹತ್ರಿ. ದುರ್ಗದ ಬಸ್ಸಿಗೆ ಹೊತ್ತಾಗ್ತೈತೆ."